ಅಕ್ಕ ಎರಡು ಸಲ ಕತ್ತರಿಸಿದ ಕಾರಿನ ತಳ

ನಮ್ಮಕ್ಕನ ಕೆಲಸವನ್ನು ಜೀವನಪೂರ್ತಿ ಮುಚ್ಚಿಟ್ಟವನು ನಾನು. ಇದೇನು ಕಳ್ಳರ ಮಾತಿನ ಹಾಗಿದೆಯಲ್ಲ ಅಂದುಕೊಳ್ಳಬೇಡಿ. ಅವಳು ಹಳೆಯ ಕಾರುಗಳ ತಳ ಕತ್ತರಿಸಿ, ಬಡಿದು, ಮತ್ತೆ ಬೆಸೆಯುವ ಟಿಂಕರಿಂಗ್ ಕೆಲಸದವಳು. ನಾನು ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಸೀಟು ಹೊಲಿಯುವವನು. ಅವಳದು ಮುಗಿದ ಮೇಲೆ ನಾನು ಅದರ ಮೇಲೆ ಮ್ಯಾಟ್ ಹಾಸಿ, ಅಂಚಿಗೆ ಅಂಟು ಬಳಿದು, ಸೀಟು ಕೂರಿಸುತ್ತಿದ್ದೆ. ಕಾರಿನ ಒಡೆಯರು ಬಂದು ಬಾಗಿಲು ತೆಗೆದರೆ ಕಣ್ಣಿಗೆ ಬೀಳುವುದು ನನ್ನ ಹೊಲಿಗೆ. "ಆಹಾ, ಏನು ಕೈ ನಿಮ್ಮದು!" ಅಂತ ನನ್ನ ಬೆನ್ನು ತಟ್ಟಿ ಹೋಗುತ್ತಿದ್ದರು. ಅಕ್ಕ ತಗಡು ಕತ್ತರಿಸುವ ಗ್ರೈಂಡರ್ ಒರೆಸುತ್ತಾ ಪಕ್ಕದಲ್ಲೇ ನಿಂತಿರುತ್ತಿದ್ದಳು. ನನಗೆ ಮುಜುಗರವಾಗುತ್ತಿತ್ತು ಅಂತ ಸುಳ್ಳು ಹೇಳಲಾರೆ. ಹೊಗಳಿಕೆ ಯಾರಿಗೆ ಬೇಡ?

ಶೆಡ್ಡು ಅಪ್ಪನದು, ಕಸುಬೂ ಅಪ್ಪನದೇ. ಮಗನಿಗೆ ಸುತ್ತಿಗೆ, ಮಗಳಿಗೆ ಸೂಜಿ ಅಂತ ಅಪ್ಪನ ಲೆಕ್ಕಾಚಾರ. ಆದರೆ ನಾನು ಸುತ್ತಿಗೆ ಹಿಡಿದರೆ ನೆಟ್ಟಗಿದ್ದ ತಗಡೂ ಸೊಟ್ಟಗಾಗುತ್ತಿತ್ತು. ಅಕ್ಕ ಸೂಜಿ ಹಿಡಿದರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಹೊಲಿಗೆ ಬೀಳುತ್ತಿತ್ತು. ಒಂದು ದಿನ ಅಪ್ಪ ತಲೆ ಚಚ್ಚಿಕೊಂಡು, "ಇವೆರಡನ್ನೂ ದೇವರು ಅದಲುಬದಲು ಮಾಡಿ ಕಳಿಸಿದಾನೆ" ಅಂದು ಸುತ್ತಿಗೆಯನ್ನು ಅವಳ ಕೈಗೆ, ಸೂಜಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟ. ಅಲ್ಲಿಂದ ಬೀದಿಯವರಿಗೆಲ್ಲ ಅವಳು ತಗಡಕ್ಕ. ನನಗೂ ಒಂದು ಅಡ್ಡಹೆಸರು ಇಟ್ಟರು. ಅದನ್ನು ಇಲ್ಲಿ ಹೇಳುವ ಅಗತ್ಯ ಕಾಣುವುದಿಲ್ಲ.

ಅಕ್ಕನದು ಎತ್ತಿದ ಕೈ ಆಗಿದ್ದದ್ದು ಒಂದು ವಿಶೇಷ ಕೆಲಸದಲ್ಲಿ. ಹಳೆಯ ಕಾರಿನ ಒಳಗೆ ಮುಂದಿನ ಸೀಟುಗಳ ನಡುವೆ ನೆಲ ಮೇಲಕ್ಕೆ ಉಬ್ಬಿರುತ್ತದಲ್ಲ, ಆ ಉಬ್ಬಿನ ಕೆಳಗೆ ಗೇರ್‌ಬಾಕ್ಸ್ ಇರುತ್ತದೆ. ಹಳೆಯ ಗೇರ್‌ಬಾಕ್ಸ್ ಸವೆದು ಹೋಗಿ, ಅದರ ಸಾಮಾನು ಎಲ್ಲೂ ಸಿಗದೆ, ಬೇರೆ ಯಾವುದೋ ಕಾರಿನದನ್ನು ತಂದು ಹಾಕುತ್ತಾರೆ. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಉದ್ದ. ಮೊದಲಿನ ಉಬ್ಬಿನಲ್ಲಿ ಕೂರುವುದಿಲ್ಲ. ಆಗ ತಳವನ್ನು ಕತ್ತರಿಸಿ ಹೊಸದಾಗಿ ಉಬ್ಬು ಮಾಡಬೇಕು. ಬೇರೆಯವರು ದೊಡ್ಡದೊಂದು ತೂತು ಕೊರೆದು, ಮೇಲೆ ಒಂದು ತಗಡು ಮುಚ್ಚಿ, ರಿವೆಟ್ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಮಳೆ ನೀರೂ ಒಳಗೆ, ಧೂಳೂ ಒಳಗೆ. ಅಕ್ಕ ಹಾಗಲ್ಲ. ಮೊದಲು ರಟ್ಟಿನಲ್ಲಿ ಅಳತೆ ಮಾಡಿ, ಕತ್ತರಿಸದೆ ಬಡಿದೇ ಜಾಗ ಮಾಡಲು ಆಗುತ್ತದೋ ನೋಡಿ, ಆಗದಿದ್ದರೆ ಮಾತ್ರ ಗ್ರೈಂಡರ್ ಮುಟ್ಟುತ್ತಿದ್ದಳು.

ಅದಕ್ಕೂ ಮೊದಲು ಒಂದು ಕ್ರಮವಿತ್ತು. ಕಾರು ಓಡಿಸುವವರು ಯಾರೋ ಅವರೇ ಶೆಡ್ಡಿಗೆ ಬರಬೇಕು. ಸೀಟು ಬಿಚ್ಚಿದ ಕಾರಿನೊಳಗೆ ಮರದ ಪೆಟ್ಟಿಗೆಯ ಮೇಲೆ ಕೂರಬೇಕು. ಪೆಡಲ್ ಮೇಲೆ ಕಾಲಿಟ್ಟು, ಒತ್ತಿ, ತೆಗೆದು, ಮಾಮೂಲಾಗಿ ಕಾಲು ಎಲ್ಲಿ ಒರಗುತ್ತದೋ ಅಲ್ಲಿ ಒರಗಿಸಬೇಕು. ಅಕ್ಕ ಮಂಡಿಯೂರಿ ಅವರ ಚಪ್ಪಲಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಹೊಸ ಉಬ್ಬು ಆ ಗೆರೆಯನ್ನು ದಾಟಬಾರದು. ಒಬ್ಬ ಸಾಹುಕಾರರು, "ನನಗೆ ಪುರಸೊತ್ತಿಲ್ಲ, ನಮ್ಮ ಮ್ಯಾನೇಜರ್ ಕೂರ್ತಾರೆ ಬಿಡಮ್ಮ" ಅಂದಾಗ ಅಕ್ಕ ಕಾರನ್ನು ಹೊರಗೆ ತಳ್ಳಿಸಿಬಿಟ್ಟಳು. "ಓಡಿಸೋರ ಕಾಲು ನನಗೇನು ಗೊತ್ತು? ಅವರೇ ಕೂತು ಹೇಳ್ಲಿ, ಆಮೇಲೆ ಕತ್ತರಿಸ್ತೀನಿ" ಅಂದಳು. ಸಾಹುಕಾರರು ಮರುದಿನ ಬಂದು ತೆಪ್ಪಗೆ ಪೆಟ್ಟಿಗೆಯ ಮೇಲೆ ಕೂತರು.

ಇನ್ನು ಕೆಲಸ ಮುಗಿದ ಮೇಲೆ ನನ್ನ ಪರೀಕ್ಷೆ. ಬೆಸುಗೆ ಉಜ್ಜಿ, ಪ್ರೈಮರ್ ಹೊಡೆದು, ಮ್ಯಾಟ್ ಹಾಕುವ ಮುಂಚೆ ನನ್ನನ್ನು ಕರೆದು, "ಕಣ್ಣು ಮುಚ್ಕೋ. ಎಲ್ಲಿ ಕತ್ತರಿಸಿದೀನಿ, ಬೆರಳಲ್ಲಿ ಹುಡುಕು" ಅನ್ನುತ್ತಿದ್ದಳು. ಹೊಲಿಗೆಯವನ ಬೆರಳು, ಕೂದಲೆಳೆಯಷ್ಟು ಏರು ಸಿಕ್ಕಿದರೂ ಗೊತ್ತಾಗುತ್ತದೆ. ನಾನು ಹಿಡಿದುಬಿಟ್ಟರೆ ಮುಖ ಗಂಟು ಹಾಕಿಕೊಂಡು ಮತ್ತೆ ಉಜ್ಜಲು ಕೂರುವಳು. ಹಿಡಿಯದಿದ್ದರೆ ಆ ದಿನ ನನಗೆ ಟೀ ಅವಳೇ ತರಿಸುವಳು. ಕಡೆಕಡೆಗೆ ನನಗೆ ಸಿಗುವುದೇ ನಿಂತುಹೋಯಿತು. ಹಾಗೆ ಗುರುತೇ ಉಳಿಯದಂತೆ ಮುಚ್ಚುವುದೇ ಅವಳ ಹೆಮ್ಮೆ.

ಭಾವ ಡ್ರೈವರು. ಸ್ವಂತದ್ದೊಂದು ಹಳೆಯ ಕಾರು, ಹಿಂಭಾಗ ದುಂಡಗೆ, ಮುಂಭಾಗ ಗಡ್ಡ ಬೋಳಿಸಿದ ಮುದುಕನ ಮುಖದ ಹಾಗೆ. ಮದುವೆಗೆ, ಸ್ಟೇಷನ್ನಿಗೆ, ಆಸ್ಪತ್ರೆಗೆ ಬಾಡಿಗೆಗೆ ಓಡಿಸುತ್ತಿದ್ದರು. ಮೊದಲ ಸಲ ಬಂದದ್ದು ಬಾಗಿಲು ನೆಗ್ಗಿಸಿಕೊಂಡು. ಅಕ್ಕ ಬಡಿದು ಸರಿಮಾಡಿ, "ಕಾರು ನೆಟ್ಟಗಿದೆ. ಓಡಿಸೋರು ಸೊಟ್ಟ" ಅಂದಳು. ವಾರ ಕಳೆಯುವಷ್ಟರಲ್ಲಿ ಇನ್ನೊಂದು ನೆಗ್ಗು. ಆಮೇಲೆ ಮತ್ತೊಂದು. ನೆಗ್ಗು ಬರಬರುತ್ತಾ ಚಿಕ್ಕದಾಗುತ್ತಾ ಹೋಯಿತು. ಅಪ್ಪ ನನ್ನ ಕಿವಿಯಲ್ಲಿ, "ಇವನು ತಾನೇ ಗೋಡೆಗೆ ಗುದ್ದಿಸ್ಕೊಂಡು ಬರ್ತಿದಾನೆ ಕಣೋ. ಮದುವೆ ಮಾಡ್ಬಿಡೋಣ, ಇಲ್ದಿದ್ರೆ ಕಾರು ಉಳಿಯಲ್ಲ" ಅಂದ.

ಮದುವೆಯಾದ ಮೇಲೆ ಆ ಕಾರಿಗೆ ಒಂದು ಗೀರೂ ಬೀಳಲಿಲ್ಲ. ಭಾವನ ಚಾಲನೆ ಹೇಗಿತ್ತೆಂದರೆ, ಗೇರ್ ಬದಲಾದದ್ದು ಹಿಂದೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಎಳೆಬಾಣಂತಿಯರನ್ನು ಆಸ್ಪತ್ರೆಯಿಂದ ಕರೆತರಲು ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. "ಎಲ್ಲ ಎಡಗಾಲಲ್ಲಿದೆ ಮಹರಾಯ. ಕ್ಲಚ್ಚನ್ನ ಬಿಡೋದು ಅಂದ್ರೆ ಮಲಗಿದ ಮಗು ಕೈಯಿಂದ ಬೆರಳು ಬಿಡಿಸ್ಕೊಂಡ ಹಾಗೆ" ಅನ್ನುತ್ತಿದ್ದರು. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಆ ವಿಷಯ ಅವರು ಆಡುತ್ತಿರಲಿಲ್ಲ, ನಾನೂ ಆಡುವುದಿಲ್ಲ. ಅಕ್ಕನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಊರಿನ ಕಾರುಗಳ ತಳವೆಲ್ಲ ಅವಳ ಕೈಯಲ್ಲಿ ಹಾದುಹೋಗಿದ್ದರೂ ಒಂದು ದಿನವೂ ಸ್ಟಿಯರಿಂಗ್ ಹಿಡಿದವಳಲ್ಲ. ಮನೆಯಲ್ಲೊಬ್ಬರು ಓಡಿಸುವವರಿದ್ದಾರಲ್ಲ, ಸಾಕು ಅನ್ನುತ್ತಿದ್ದಳು.

ಭಾವನಿಗೆ ಸಕ್ಕರೆ ಕಾಯಿಲೆ ಬಂತು. ಎಡಗಾಲಿನ ಹೆಬ್ಬೆರಳಿನ ಪಕ್ಕ ಒಂದು ಗಾಯವಾಯಿತು. ಅದನ್ನು ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಅದೇ ಕಾಲಿನಲ್ಲಿ ಕ್ಲಚ್ ತುಳಿಯುತ್ತಾ ಓಡಾಡಿದರು ಆ ಮನುಷ್ಯ! ಈಗ ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ. ವಾಸನೆ ಬಂದ ಮೇಲೆ ಅಕ್ಕನಿಗೆ ಗೊತ್ತಾಯಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲು ಕಪ್ಪಗಾಗಿತ್ತು. ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಮೊಣಕಾಲಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿ, "ಇಲ್ಲಿಂದ ತೆಗೀಬೇಕಾಗುತ್ತೆ. ನಿಮ್ಮ ಒಪ್ಪಿಗೆ ಇದ್ರೆ ಮಾತ್ರ" ಅಂದರು. ಭಾವ ತುಂಬ ಹೊತ್ತು ಆ ಗೆರೆಯನ್ನೇ ನೋಡುತ್ತಿದ್ದು, "ಆಯ್ತು ಡಾಕ್ಟ್ರೇ" ಅಂದರು.

ಅವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಅಕ್ಕ ಒಂದು ತೀರ್ಮಾನಕ್ಕೆ ಬಂದಳು. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿಬಿಟ್ಟರೆ ಎಡಗಾಲು ಬೇಕಾಗುವುದೇ ಇಲ್ಲ. ಭಾವ ಬಲಗಾಲೊಂದರಲ್ಲೇ ಓಡಿಸಬಹುದು. ಮನೆಗೆ ಬಂದವರಿಗೆ ಕಾರು ಸಿದ್ಧವಾಗಿ ನಿಂತಿರಬೇಕು. ಪಕ್ಕದ ಗ್ಯಾರೇಜಿನಲ್ಲಿ ಗುನುಗಣ್ಣ ಅಂತ ಒಬ್ಬರು ಗೇರ್‌ಬಾಕ್ಸ್ ಕೆಲಸದವರಿದ್ದರು. ಸದಾ ಏನಾದರೂ ಗುನುಗುತ್ತಿರುತ್ತಿದ್ದರು, ಅದಕ್ಕೆ ಆ ಹೆಸರು. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ದೊಡ್ಡ ಕಾರೊಂದರಿಂದ ಅವರು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ತಂದರು. ತಂದು ಇಳಿಸಿ, ಬೆವರು ಒರೆಸಿಕೊಂಡು, "ಯಜಮಾನ್ರನ್ನ ಒಂದು ಮಾತು ಕೇಳ್ಬಿಡಮ್ಮ" ಅಂದರು.

"ಅವರನ್ನೇನು ಕೇಳೋದು? ಅವರ ಕಾಲು ನನಗೆ ಗೊತ್ತಿಲ್ವಾ?" ಅಂದಳು ಅಕ್ಕ.

ಆ ಗೇರ್‌ಬಾಕ್ಸೋ, ಕುಂಬಳಕಾಯಿಯ ಹಾಗೆ ಮುಂದೆ ದಪ್ಪ. ಬಡಿದು ಜಾಗ ಮಾಡುವ ಮಾತೇ ಇರಲಿಲ್ಲ. ಅಕ್ಕ ಮೊದಲು ಬಾಗಿಲ ಚೌಕಟ್ಟುಗಳ ನಡುವೆ ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡಿಕೊಂಡಳು. ಇಲ್ಲದಿದ್ದರೆ ತಳ ಕತ್ತರಿಸಿದ ಕಾರು ಮಧ್ಯದಲ್ಲಿ ಜೋಲು ಬಿದ್ದು, ಬಾಗಿಲು ಮತ್ತೆ ಹಾಕಿಕೊಳ್ಳುವುದೇ ಇಲ್ಲ. ಆಮೇಲೆ ಗ್ರೈಂಡರ್ ಹಿಡಿದು ಹಳೆಯ ಉಬ್ಬನ್ನು ಪೂರ್ತಿ ಕತ್ತರಿಸಿ ತೆಗೆದಳು. ಕ್ಲಚ್ ಪೆಡಲ್ ಕಳಚಿದಳು. ಅದರ ಸರಳು ಹಾದುಹೋಗುವ ತೂತನ್ನು ಮುಚ್ಚಿದಳು. ಹೊಸ ತಗಡನ್ನು ಮೊಣಕಾಲ ಮೇಲಿಟ್ಟು, ಮರಳಿನ ಚೀಲದ ಮೇಲಿಟ್ಟು ಬಡಿದು ಬಡಿದು ಉಬ್ಬಿಸಿದಳು. ಬೆಳಿಗ್ಗೆ ಆಸ್ಪತ್ರೆಗೆ ಊಟ ಕೊಂಡೊಯ್ಯುವಳು, ಬಂದು ಕೆಲಸಕ್ಕಿಳಿಯುವಳು. ಅಷ್ಟು ದಿನದಿಂದ ಅಳು ನುಂಗಿಕೊಂಡಿದ್ದವಳು ಆ ಕೆಲಸದಲ್ಲಿ ಸ್ವಲ್ಪ ಹಗುರಾದಳು. ಮುಗಿದ ದಿನ ನನ್ನನ್ನು ಕರೆದು ಕಣ್ಣು ಮುಚ್ಚಿಸಿದಳು. ಕ್ಲಚ್ ಇದ್ದ ಜಾಗವನ್ನೆಲ್ಲ ಸವರಿದೆ. ಏನೂ ಸಿಗಲಿಲ್ಲ. ಅವಳು ಮಾಡಿದ ಕೆಲಸಗಳಲ್ಲೇ ಅದು ಅತ್ಯುತ್ತಮ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಭಾವ ಊರುಗೋಲುಗಳ ಮೇಲೆ ಮನೆಗೆ ಬಂದರು. ಎರಡು ದಿನ ಸುಧಾರಿಸಿಕೊಂಡ ಮೇಲೆ ಅಕ್ಕ ಅವರನ್ನು ಶೆಡ್ಡಿಗೆ ಕರೆತಂದಳು. ಕಾರು ತೊಳೆದು ಹೊಳೆಯುತ್ತಿತ್ತು. ನಾನೂ ಗುನುಗಣ್ಣನೂ ಮದುವೆ ಮನೆಯವರ ಹಾಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದೆವು. ಭಾವ ಸೀಟಿನ ಮೇಲೆ ಕೂತು, ಕೋಲುಗಳನ್ನು ನನಗೆ ಕೊಟ್ಟು, ಬಲಗಾಲನ್ನು ಒಳಗಿಟ್ಟುಕೊಂಡರು. ಗೇರಿನ ಹಿಡಿಕೆ ನೋಡಿದರು. ಕೆಳಗೆ ನೋಡಿದರು. ಬಾಗಿ, ಮ್ಯಾಟಿನ ಅಂಚು ಎತ್ತಿ, ಕ್ಲಚ್ ಇದ್ದ ಜಾಗದಲ್ಲಿ ಬೆರಳಾಡಿಸಿದರು. ಅತ್ತ ಇತ್ತ, ಮತ್ತೆ ಮತ್ತೆ. ಅವರ ಬೆರಳಿಗೂ ಏನೂ ಸಿಗಲಿಲ್ಲ.

"ಇಲ್ಲೊಂದು ಕ್ಲಚ್ ಇತ್ತು ಅಂತ ಯಾರಿಗೂ ಗೊತ್ತಾಗಲ್ಲ" ಅಂದರು.

"ಗೊತ್ತಾಗ್ಬಾರ್ದು ಅಂತಲೇ ಮಾಡಿದ್ದು ರೀ. ಈಗ ನಿಮಗೆ ಎಡಗಾಲಿನ ಕೆಲಸವೇ ಇಲ್ಲ. ಬಲಗಾಲಲ್ಲಿ ಒತ್ತಿದ್ರೆ ಸಾಕು, ಹೋಗುತ್ತೆ" ಅಂದಳು ಅಕ್ಕ. ಅವಳ ಮುಖದಲ್ಲಿ ಇನ್ನೂ ನಗುವಿತ್ತು.

ಭಾವ ತಲೆ ಎತ್ತಿ ಅವಳನ್ನು ನೋಡಿದರು. "ಡಾಕ್ಟ್ರು ನನ್ನ ಕಾಲು ತೆಗೆಯೋಕೆ ಮುಂಚೆ ನನ್ನನ್ನ ಕೇಳಿದ್ರು ಕಣೇ. ನೀನು ಕೇಳ್ಲಿಲ್ಲ."

ಅಷ್ಟೇ. ಕೋಲು ಕೇಳಿ ತೆಗೆದುಕೊಂಡು ಮನೆಯ ಕಡೆ ಹೊರಟರು. ಗುನುಗಣ್ಣನ ಗುನುಗೂ ನಿಂತಿತ್ತು. ಅಕ್ಕ ತೆಗೆದ ಬಾಗಿಲನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು ಏನಾದರೂ ಹೇಳೋಣವೆಂದು ಬಾಯಿ ತೆರೆದರೆ, "ನೀನು ಸುಮ್ನಿರು" ಅಂದಳು.

ಆಮೇಲೆ ಭಾವ ಮಾತು ಬಿಟ್ಟರು. ಶೆಡ್ಡಿನ ಹಿಂದೆಯೇ ಮನೆ. ಮನೆಯ ಮುಂದಿನ ಕಟ್ಟೆಯ ಮೇಲೆ, ಶೆಡ್ಡಿಗೆ ಬೆನ್ನು ಹಾಕಿ ಕೂರುತ್ತಿದ್ದರು. ತಟ್ಟೆ ಇಟ್ಟರೆ ಎರಡು ತುತ್ತು ತಿನ್ನುವರು, ತಳ್ಳುವರು. ಗಾಯ ಒಣಗಿದರೂ ಮನುಷ್ಯ ಒಣಗುತ್ತಾ ಹೋದರು. ಡಾಕ್ಟರು ಎದ್ದು ಓಡಾಡಲೇಬೇಕು, ಹೀಗೆ ಕೂತರೆ ಜೀವಕ್ಕೆ ಒಳ್ಳೆಯದಲ್ಲ ಅಂತ ಎಚ್ಚರಿಸಿದ್ದರು. ಜಪ್ಪಯ್ಯ ಅಂದರೂ ಕಟ್ಟೆ ಬಿಟ್ಟು ಏಳಲಿಲ್ಲ. ಅಕ್ಕ ಕಾರಿಗೆ ಹೊದಿಕೆ ಹೊದಿಸಿ, ಬೇರೆಯವರ ಕಾರುಗಳನ್ನು ಬಡಿಯುತ್ತಾ ಕೂತಳು. ಆ ದಿನಗಳಲ್ಲಿ ಅವಳ ಸುತ್ತಿಗೆಯ ಪೆಟ್ಟೂ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಸಂಜೆ ಅವಳು ಗ್ರೈಂಡರ್ ಚಾಲೂ ಮಾಡಿಟ್ಟು, ಆ ಸದ್ದಿನ ಮರೆಯಲ್ಲಿ ಅಳುತ್ತಿದ್ದುದನ್ನು ಕಂಡೆ.

ನನಗೆ ತಡೆಯಲಾಗಲಿಲ್ಲ. ನೇರವಾಗಿ ಕಟ್ಟೆಯ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. "ಏನ್ ಭಾವ, ನಿಮಗೆ ಕರುಳು ಅನ್ನೋದು ಇದ್ಯಾ? ಅವಳು ಊಟ ನಿದ್ದೆ ಬಿಟ್ಟು ನಿಮಗೋಸ್ಕರ ಮಾಡಿದ್ಲು. ಒಂದು ಒಳ್ಳೇ ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಗಾಯ ಬಚ್ಚಿಟ್ಕೊಂಡು ಕಾಲು ಕಳ್ಕೊಂಡೋರು ನೀವು. ಅವಳಲ್ಲ!"

ಭಾವ ಸಿಟ್ಟಾಗಲಿಲ್ಲ. "ನೀನು ಹೇಳೋದು ಸರಿ" ಅಂದರು. "ತಪ್ಪು ನಂದೇ. ಆದ್ರೆ ನಿಮ್ಮಕ್ಕ ದಾರೀಲಿ ಹೋಗೋರನ್ನೆಲ್ಲ ಪೆಟ್ಟಿಗೆ ಮೇಲೆ ಕೂರಿಸಿ ಕೇಳ್ತಾಳೆ. ಕಾಲೆಲ್ಲಿ ಇಡ್ತೀರಿ, ಹೇಗೆ ಇಡ್ತೀರಿ ಅಂತ. ನನ್ನೊಬ್ಬನ್ನ ಕೇಳ್ಲಿಲ್ಲ. ನನ್ನನ್ನ ಕೂರ್ಸೋ ಅಗತ್ಯಾನೇ ಇಲ್ಲ ಅಂತ ಆಗೋಯ್ತಲ್ಲ. ಇದ್ದೂ ಸತ್ತೋನ ಹಾಗೆ."

ತಿರುಗಿ ನೋಡಿದರೆ ಅಕ್ಕ ಶೆಡ್ಡಿನ ಹಿಂಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಾಗೇ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಹತ್ತಿರ ಬಂದು ಭಾವನ ಎದುರು ನೆಲದ ಮೇಲೆ ಕೂತಳು. "ತಪ್ಪಾಯ್ತು ರೀ" ಅಂದಳು. ಅಕ್ಕನ ಬಾಯಲ್ಲಿ ಆ ಮಾತು ಅಪ್ಪನೂ ಕೇಳಿರಲಿಕ್ಕಿಲ್ಲ. "ಈಗ ಕೇಳ್ತಿದೀನಿ. ಹೇಳಿ, ಏನು ಮಾಡ್ಲಿ?"

ಭಾವ, "ಹಳೇದನ್ನೇ ಹಾಕು" ಅಂದರು.

"ಹಾಕಿದ್ರೆ ಕ್ಲಚ್ ಯಾರು ತುಳೀತಾರೆ?"

"ಅದು ನನಗೂ ಗೊತ್ತಿಲ್ಲ. ಓಡ್ಸೋಕಾಗದಿದ್ರೆ ಬೇಡ, ನಿಂತಿರ್ಲಿ. ಆದ್ರೆ ಅದು ನನ್ನ ಕಾರಾಗಿರ್ಲಿ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಹುಚ್ಚು ಅನ್ನುತ್ತಿದ್ದೆ. ಅಕ್ಕ ಎದ್ದು ಸೀರೆ ಕೊಡವಿಕೊಂಡು, "ಹಾಗಾದ್ರೆ ಬಂದು ಕೂತ್ಕೊಳ್ಳಿ" ಅಂದಳು.

ಕಿರಿದನ್ನು ಹಿರಿದು ಮಾಡುವುದು ಸುಲಭ. ಹಿರಿದಾದದ್ದನ್ನು ಮತ್ತೆ ಕಿರಿದು ಮಾಡುವುದು ಪ್ರಾಣಸಂಕಟ. ಹಳೆಯ ಉಬ್ಬಿನ ತಗಡು ಗುಜರಿಗೆ ಹೋಗಿ ಕರಗಿಯೇ ಹೋಗಿತ್ತು. ಗೇರ್‌ಬಾಕ್ಸ್ ಮಾತ್ರ ಗುನುಗಣ್ಣನ ಬೆಂಚಿನ ಕೆಳಗೆ ಉಳಿದಿತ್ತು. ತಾನೇ ಅಷ್ಟು ನಯವಾಗಿ ಬೆಸೆದದ್ದನ್ನು ಅಕ್ಕ ತಾನೇ ಕತ್ತರಿಸಿ ತೆಗೆದಳು. ಭಾವ ಒಳಗೆ ಮರದ ಪೆಟ್ಟಿಗೆಯ ಮೇಲೆ ಕೂತು ಟಾರ್ಚ್ ಹಿಡಿದರು. ಹಳೆಯ ಉಬ್ಬಿನ ಅಳತೆ ಯಾರ ಬಳಿಯೂ ಇರಲಿಲ್ಲ. ಅವರೇ ಹೇಳಬೇಕಾಯಿತು.

"ಕ್ಲಚ್ ಇಲ್ಲಿತ್ತು. ಇನ್ನೊಂಚೂರು ಎಡಕ್ಕೆ. ಇನ್ನೂ... ಹಾಂ, ಅಲ್ಲೇ."

"ಹೇಗೆ ಹೇಳ್ತೀರಿ ಅಷ್ಟು ಖಚಿತವಾಗಿ?"

"ಕಾಲು ಹೇಳ್ತಿದೆ ಕಣೇ. ಇಲ್ಲ ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ. ರಾತ್ರಿ ಹೆಬ್ಬೆರಳು ಕಡಿಯುತ್ತೆ, ಕೆರೆಯೋಣ ಅಂತ ಹೋದ್ರೆ ಹಾಸಿಗೆ ಸಿಗುತ್ತೆ."

ಅಕ್ಕ ಅವರು ತೋರಿಸಿದ ಜಾಗದಲ್ಲಿ, ಅಲ್ಲಿಲ್ಲದ ಪಾದದ ಸುತ್ತ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾನು ಹೊರಗೆ ಬಂದು ಮೂಗು ಸೀಟಿಕೊಂಡೆ. ಧೂಳು ಅಂತ ಗುನುಗಣ್ಣನಿಗೆ ಹೇಳಿದೆ. ಅವರು, "ನನಗೂ ಅದೇ ಧೂಳು" ಅಂದರು.

ಬೆಸುಗೆ ಮುಗಿದು ಅಕ್ಕ ಉಜ್ಜಲು ಹೊರಟಾಗ ಭಾವ ತಡೆದರು. "ಅದು ಹಾಗೇ ಇರ್ಲಿ. ಕತ್ತರಿಸಿದ್ದು ಕತ್ತರಿಸಿದ ಹಾಗೇ ಕಾಣ್ಲಿ." ಅಕ್ಕನಿಗೆ ಅದು ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಗ್ರೈಂಡರ್ ಕೆಳಗಿಟ್ಟಳು.

ಈಗ ಕ್ಲಚ್ಚಿನ ಪ್ರಶ್ನೆ. ಗುನುಗಣ್ಣ, "ಕೈಯಲ್ಲಿ ಹಿಡಿಯೋ ಕ್ಲಚ್ ಹಾಕಿಬಿಡೋಣ" ಅಂದರು. "ಒಂದು ಕೈ ಸ್ಟಿಯರಿಂಗಿಗೆ, ಒಂದು ಗೇರಿಗೆ. ಮೂರನೇದು ನಿಮ್ಮದು ಕೊಡ್ತೀರಾ?" ಅಂತ ಭಾವ ಕೇಳಿದರು. ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಕುಚೋದ್ಯ ಅದು. ಆ ಹೊತ್ತಿಗೆ ಅಕ್ಕ ಎಡಗಡೆಯ ಸೀಟಿನ ಜಾಗದಲ್ಲಿ ಮಲಗಿಕೊಂಡು, ಎರಡು ಪಾದಗಳನ್ನೂ ಮುಂದಿನ ತಗಡಿಗೆ ಒತ್ತಿ ಹಿಡಿದು, ಯಾವುದೋ ಬೋಲ್ಟ್ ತಿರುಗಿಸುತ್ತಿದ್ದಳು. ಭಾವನ ಕಣ್ಣು ಅವಳ ಪಾದಗಳ ಮೇಲೆ ನಿಂತಿತು.

"ಲೇ" ಅಂದರು. "ನಾನು ಡ್ರೈವಿಂಗ್ ಸ್ಕೂಲಲ್ಲಿ ಕಲಿಯೋವಾಗ ಮೇಷ್ಟ್ರ ಕಡೇನೂ ಒಂದು ಕ್ಲಚ್ ಇರ್ತಿತ್ತು. ನಾನು ಎಡವಟ್ಟು ಮಾಡಿದ್ರೆ ಅವರು ತುಳಿಯೋರು."

"ಅದಕ್ಕೇನೀಗ?"

"ಅಲ್ಲೊಂದು ಪೆಡಲ್ ಇದ್ರೆ ನೀನು ತುಳೀತೀಯಾ?"

ಅಕ್ಕ ಸ್ಪ್ಯಾನರ್ ಹಿಡಿದುಕೊಂಡೇ ಎದ್ದು ಕೂತಳು. "ನನಗೆ ಡ್ರೈವಿಂಗೇ ಬರಲ್ವಲ್ಲ ರೀ."

"ಅದಕ್ಕೇ ಕೇಳ್ತಿರೋದು. ತುಳೀತೀಯಾ?"

"ತುಳೀತೀನಿ" ಅಂದಳು.

ಎಡಗಡೆಯ ಪೆಡಲಿನಿಂದ ಭಾವನ ಕಡೆ ಮತ್ತೆ ಜೋಡಿಸಿದ ಪೆಡಲಿಗೆ ಒಂದು ಸರಳು ಅಡ್ಡ ಹೋಗಬೇಕಿತ್ತು. ಅದಕ್ಕಾಗಿ ಅಕ್ಕ ಉಬ್ಬಿನ ಮುಂದಿನ ತುದಿಯಲ್ಲಿ ಒಂದು ಸಣ್ಣ ದಾರಿ ಕೊರೆದಳು. ಇವಳು ಇಲ್ಲಿ ಒತ್ತಿದರೆ ಅವರ ಕಡೆಯ ಪೆಡಲೂ ತಾನಾಗಿ ಕೆಳಗೆ ಇಳಿಯುತ್ತಿತ್ತು. ಮೊದಲ ಸಲ ಅದು ಹಾಗೆ ಇಳಿದಾಗ ಭಾವ ನೋಡುತ್ತಲೇ ಇದ್ದರು. "ಇನ್ನೊಂದ್ಸಲ" ಅಂದರು. ಅಕ್ಕ ಒತ್ತಿದಳು. "ಇನ್ನೊಂದ್ಸಲ." ಎಷ್ಟು ಸಲ ಕೇಳಿದರೂ ಅವಳು ಬೇಸರಿಸಲಿಲ್ಲ.

ಇನ್ನು ಕಲಿಕೆಯ ಕಥೆ ಏನು ಹೇಳಲಿ! ಊರ ಹೊರಗಿನ ಖಾಲಿ ರಸ್ತೆಗೆ ನಾನೇ ಕಾರು ಒಯ್ದು, ಆಮೇಲೆ ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಭಾವ "ಕ್ಲಚ್" ಅನ್ನಬೇಕು, ಅಕ್ಕ ತುಳಿಯಬೇಕು. ಅವರು ಗೇರ್ ಹಾಕಿ "ಬಿಡು" ಅನ್ನಬೇಕು, ಇವಳು ಬಿಡಬೇಕು. ಇವಳು ಸುತ್ತಿಗೆ ಬೀಸುವ ಹೆಂಗಸು, ಬಿಟ್ಟರೆ ಒಂದೇ ಏಟಿಗೆ ಬಿಡುವಳು. ಕಾರು ಕಪ್ಪೆಯ ಹಾಗೆ ಹಾರಿ ನಿಲ್ಲುವುದು, ನನ್ನ ತಲೆ ಮೇಲಿನ ತಗಡಿಗೆ ಬಡಿಯುವುದು. "ಮೆಲ್ಲಗೆ ಕಣೇ, ಮೆಲ್ಲಗೆ!" "ಮೆಲ್ಲಗೇ ಬಿಟ್ಟೆ ರೀ, ನೀವೇ ತಡವಾಗಿ ಹೇಳಿದ್ರಿ!" ಎಳೆಬಾಣಂತಿಯರನ್ನು ಅಲುಗದಂತೆ ಕರೆತರುತ್ತಿದ್ದ ಡ್ರೈವರು ನಡುರಸ್ತೆಯಲ್ಲಿ ಎಂಜಿನ್ ಆಫ್ ಮಾಡಿಕೊಂಡು ಕೂತಿದ್ದರು. ಒಂದು ಸಲ ದನ ಕಾಯುವವನೊಬ್ಬ ನಿಂತು, "ಕಲೀತಿದೀರಾ?" ಅಂತ ಕೇಳಿದ. ಭಾವ, "ಹೌದಪ್ಪ, ಇಬ್ಬರೂ" ಅಂದರು. ಲೈಸೆನ್ಸ್ ಕೊಡುವವರ ಕಣ್ಣಿಗೆ ಬಿದ್ದಿದ್ದರೆ ಮೂವರನ್ನೂ ಒಳಗೆ ಹಾಕುತ್ತಿದ್ದರು.

ಹೇಗೋ ಹೊಂದಿಕೊಂಡರು. ಮೊದಲು "ಬಿಡು" ಅನ್ನುವ ಮಾತು ನಿಂತಿತು. ಆಮೇಲೆ "ಕ್ಲಚ್" ಅನ್ನುವುದೂ ನಿಂತಿತು. ಎಂಜಿನ್ನಿನ ಸದ್ದು ಏರುವುದನ್ನು ಕೇಳಿ, ಭಾವನ ಭುಜ ಅಲುಗುವ ಮುಂಚೆಯೇ ಅಕ್ಕನ ಕಾಲು ಇಳಿಯುತ್ತಿತ್ತು. ನನ್ನ ತಲೆ ಮೇಲಿನ ತಗಡಿಗೆ ಬಡಿಯುವುದೂ ನಿಂತಿತು. ಹಿಂದೆ ಕೂತು ಕಣ್ಣು ಮುಚ್ಚಿದರೆ ಗೇರ್ ಬದಲಾದದ್ದು ಗೊತ್ತಾಗುತ್ತಿರಲಿಲ್ಲ.

ಬಾಡಿಗೆಗೆ ಮತ್ತೆ ಓಡಿಸಲಿಲ್ಲ. ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಹೊರಡುವರು, ಶೆಡ್ಡು ತೆಗೆಯುವ ಹೊತ್ತಿಗೆ ಬರುವರು. ಭಾವ ಮತ್ತೆ ಹೊಟ್ಟೆ ತುಂಬ ಉಂಡರು, ಮತ್ತೆ ನನ್ನ ಕಾಲೆಳೆದರು. ಅಂಥ ಕೆಲವು ವರ್ಷಗಳು ಅವರಿಗೆ ಸಿಕ್ಕವು. ಮದುವೆಯಾದ ಹೊಸದರಲ್ಲೂ ಅವರಿಬ್ಬರನ್ನು ನಾನು ಅಷ್ಟು ಸಂತೋಷವಾಗಿ ನೋಡಿರಲಿಲ್ಲ.

ಆಮೇಲೆ ಅವರ ಮೂತ್ರಪಿಂಡ ಕೈಕೊಟ್ಟಿತು. ಈ ಸಲ ಡಾಕ್ಟರಿಗೆ ಕೇಳಲು ಏನೂ ಉಳಿದಿರಲಿಲ್ಲ. ಭಾವ ಒಂದು ಮಧ್ಯಾಹ್ನ, ಅಕ್ಕ ಹಣೆ ಒರೆಸುತ್ತಿರುವಾಗಲೇ ಹೋದರು.

ಅಕ್ಕ ಕೆಲವು ದಿನ ಸುಮ್ಮನಿದ್ದು ಮತ್ತೆ ಸುತ್ತಿಗೆ ಹಿಡಿದಳು. ಕಾರು ಹೊದಿಕೆಯ ಕೆಳಗೆ ನಿಂತಿತ್ತು. ಕೊಳ್ಳುತ್ತೇವೆ ಅಂತ ಒಬ್ಬಿಬ್ಬರು ಬಂದರು, ಅವಳು ಹೊದಿಕೆ ಎತ್ತಲೂ ಬಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಾನೇ ಹೊದಿಕೆ ತೆಗೆದು, "ಹೀಗೇ ನಿಂತ್ರೆ ಬ್ಯಾಟರಿ ಸತ್ತೋಗುತ್ತೆ. ಒಂದು ಸುತ್ತು ಹೋಗ್ಬರೋಣ ಬಾ, ನೀನು ಓಡ್ಸು" ಅಂದಳು.

ನಾನು ಭಾವನ ಸೀಟಿನಲ್ಲಿ ಕೂತೆ. ಅವಳು ಎಡಗಡೆ ಕೂತಳು. ಎಂಜಿನ್ ಶುರುವಾಯಿತು. ಗೇರ್ ಹಾಕೋಣವೆಂದು ನಾನು ಎಡಗಾಲು ಎತ್ತಿ ಕ್ಲಚ್ಚಿನ ಮೇಲಿಡಲು ಹೋದರೆ, ಪೆಡಲ್ ಅಲ್ಲಿರಲಿಲ್ಲ. ಆಗಲೇ ಕೆಳಗಿಳಿದಿತ್ತು.

ಪಕ್ಕಕ್ಕೆ ನೋಡಿದೆ. ಅಕ್ಕ ರಸ್ತೆಯನ್ನು ನೋಡುತ್ತಾ ನೆಟ್ಟಗೆ ಕೂತಿದ್ದಳು. ಕಾಲು ಪೂರ್ತಿ ಒತ್ತಿತ್ತು. ತಾನು ಒತ್ತಿದ್ದೇನೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನನಗೆ ಎರಡೂ ಕಾಲು ನೆಟ್ಟಗಿದೆ ಕಣೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊದಲಾಗಿದ್ದರೆ ಅಂದೇಬಿಡುತ್ತಿದ್ದೆ. ನನ್ನ ಎಡಗಾಲನ್ನು ಮೆಲ್ಲಗೆ ಸೀಟಿನ ಕೆಳಕ್ಕೆ ಎಳೆದುಕೊಂಡೆ.

"ಫಸ್ಟಿಗೆ ಹಾಕ್ಲಾ ಅಕ್ಕ?" ಅಂತ ಕೇಳಿದೆ.

"ಹಾಕು" ಅಂದಳು.